ಚಾತನ್ ಮುಟ್ಟದ ಸ್ವಿಚ್ಚು

ರೋಗ ಯಾವುದೆಂದು ಗೊತ್ತಾಗಿದೆ, ಅದಕ್ಕೆ ಮದ್ದನ್ನೂ ಅರೆದಿದ್ದಾರೆ, ಅರೆದು ಎರಡು ವರ್ಷವಾಗಿದೆ, ಆದರೆ ಆ ಮದ್ದು ನಿಮಗಲ್ಲ ಎಂದರೆ ಯಾರ ತಲೆ ತಾನೆ ನೆಟ್ಟಗಿರುತ್ತದೆ? ಪುಲ್ಪಳ್ಳಿಯ ಬಸ್ ಸ್ಟ್ಯಾಂಡಿನ ಹಿಂದೆ, ಮೆಣಸಿನ ಮಂಡಿಯ ಪಕ್ಕದ ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ದಿವ್ಯಶ್ರೀಯ ತಲೆಯಂತೂ ಆ ಬೆಳಿಗ್ಗೆ ನೆಟ್ಟಗಿರಲಿಲ್ಲ. ಪರದೆಯ ಮೇಲಿದ್ದ ನಾಲ್ಕು ಸಾಲು ಇಂಗ್ಲಿಷನ್ನು ಅವಳು ಆರು ಸಲ ಓದಿದ್ದಳು. ದೋಷವನ್ನು ಸರಿಪಡಿಸಲಾಗಿದೆ ಎಂದು ಅಲ್ಲಿ ಬರೆದಿತ್ತು. ಎಲ್ಲಿ ಸರಿಪಡಿಸಿದ್ದಾರೆ? ಪೆರಿಕಲ್ಲೂರಿನ ಪೆಟ್ಟಿಗೆ ಇನ್ನೂ ಕಿವುಡಾಗುತ್ತಲೇ ಇದೆಯಲ್ಲ?

ಮೊದಲು ಪೆಟ್ಟಿಗೆಯ ಕಥೆ ಹೇಳಿಬಿಡುತ್ತೇನೆ. ಮಲಯಾಳದ ಸೀಮೆಯ ಗಡಿಯೂರಾದ ಪೆರಿಕಲ್ಲೂರಿನ ಆಚೆ ದಡ ಕರ್ನಾಟಕದ ಕಾಡು, ನಡುವೆ ಕಬಿನಿ. ಆನೆಗೆ ಹೊಳೆ ದಾಟಲು ದೋಣಿ ಬೇಡ, ಪರ್ಮಿಟ್ಟೂ ಬೇಡ. ಮೂರು ವರ್ಷದ ಹಿಂದೆ ಯಾವುದೋ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಬಂದು ದಡದುದ್ದಕ್ಕೂ ನೆಲದೊಳಗೆ ಸಣ್ಣ ಸಣ್ಣ ಯಂತ್ರ ಹೂತು, ಎರಡು ಕಪ್ಪು ಪೆಟ್ಟಿಗೆಗಳನ್ನು ಕೂರಿಸಿ ಹೋದರು. ಆನೆಯ ಕಾಲು ಬಿದ್ದು ನೆಲ ಅದುರಿದರೆ ಆ ಸುದ್ದಿ ರೇಡಿಯೋದಲ್ಲಿ ಪೆಟ್ಟಿಗೆಗೆ ಬರುತ್ತದೆ, ಪೆಟ್ಟಿಗೆ ಸೈರನ್ ಕೂಗಿಸುತ್ತದೆ. ಒಂದು ಪೆಟ್ಟಿಗೆ ಮೇಲ್ದಡದ ಶಿವನಂಜಪ್ಪನ ಮನೆಯ ಪಡಸಾಲೆಯಲ್ಲಿ, ಇನ್ನೊಂದು ಕೆಳದಡದ ಹಾಡಿಯ ಕಾವಲು ಗುಡಿಸಲಲ್ಲಿ. ಎರಡಕ್ಕೂ ಒಂದೇ ತರಹದ ಸೋಲಾರ್ ಹಲಗೆ, ಬ್ಯಾಟರಿ, ಸ್ವಿಚ್ಚು. ಒಳಗಿದ್ದದ್ದು ಅಂಗೈಯಷ್ಟು ದೊಡ್ಡ ಕಂಪ್ಯೂಟರು, ಅದನ್ನು ನಡೆಸುವ ತಂತ್ರಾಂಶ ಲಿನಕ್ಸ್. ಹುಡುಗರು ಪಾಸಾಗಿ ಕೆಲಸ ಹುಡುಕಿಕೊಂಡು ಹೋದರು. ಊರಿನ ಆನೆಕಾವಲು ಸಮಿತಿಯ ಸಭೆಯಲ್ಲಿ ಒಮ್ಮೆ ಬಾಯಿತಪ್ಪಿ "ನನಗೆ ಲಿನಕ್ಸ್ ಗೊತ್ತು" ಎಂದಿದ್ದಕ್ಕೆ ಪೆಟ್ಟಿಗೆಗಳು ದಿವ್ಯಶ್ರೀಯ ಕೊರಳಿಗೆ ಬಿದ್ದವು.

ಶಿವನಂಜಪ್ಪನ ಮನೆಯ ಪೆಟ್ಟಿಗೆ ಮೂರು ವರ್ಷದಲ್ಲಿ ಒಂದು ದಿನವೂ ತಪ್ಪಲಿಲ್ಲ. ಹಾಡಿಯದು ಹಾಗಲ್ಲ. ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಆನೆ ಮುಂದೆಯೇ ನಡೆದುಹೋದರೂ ಸೈರನ್ ಉಸಿರೆತ್ತುವುದಿಲ್ಲ. ಈ ವರ್ಷವೇ ಹೀಗೆ ಮೂರು ಸಲ ಆಗಿತ್ತು. ಪ್ರತಿ ಸಲವೂ ದಿವ್ಯಶ್ರೀ ಬಸ್ಸು ಹತ್ತಿ ಬಂದಳು, ರಿಪೇರಿಯವರೆಲ್ಲ ಮೊದಲು ಮಾಡುವ ಕೆಲಸವನ್ನೇ ಮಾಡಿದಳು. ಎಂದರೆ ಆರಿಸಿ ಮತ್ತೆ ಹಚ್ಚಿದಳು. ಹಚ್ಚಿದೊಡನೆ ಪೆಟ್ಟಿಗೆ ಸರಿಹೋಗುತ್ತಿತ್ತು. ಹಿಂದಿನ ದಿನ ಏನಾಯಿತೆಂದು ಕೇಳೋಣವೆಂದರೆ, ಒಮ್ಮೆ ಆರಿಸಿದರೆ ತನ್ನ ದಿನಚರಿಯನ್ನೆಲ್ಲ ಮರೆತುಬಿಡುವಂತೆ ಅದನ್ನು ಕಟ್ಟಿದ್ದರು. ಸಾಕ್ಷಿಯನ್ನು ತಾನೇ ಅಳಿಸಿ ಆಮೇಲೆ ಸಾಕ್ಷಿ ಹುಡುಕುತ್ತಿದ್ದೇನೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಮೂರನೆಯ ಸಲ ಕೆಟ್ಟದ್ದಾಯಿತು. ಶಾಂತರಾಜುವಿನ ಬಾಳೆತೋಟಕ್ಕೆ ಎರಡು ಆನೆ ನುಗ್ಗಿದವು. ಹೊತ್ತು ಮೂಡುವ ಮುಂಚೆ ಹಾಲು ಕರೆಯಲು ಹೋದ ಅವನ ಹೆಂಡತಿ ಪ್ರೇಮಲತಾ, ಕೊಟ್ಟಿಗೆಯ ಮೂಲೆಯಲ್ಲಿ ಆನೆಗೆ ಎದುರಾಗಿ, ಹಿಂದೆ ಸರಿದವಳು ಚರಂಡಿಗೆ ಬಿದ್ದು ಕೈ ಮುರಿದುಕೊಂಡಳು. ಉಳಿದದ್ದೇ ಹೆಚ್ಚು. ಮರುದಿನವೇ ಊರಿನ ಪುಸ್ತಕಾಲಯವಾದ ವಾಯನಶಾಲೆಯಲ್ಲಿ ಸಮಿತಿ ಸೇರಿತು. ಹಾಡಿಯ ಪೆಟ್ಟಿಗೆಯ ಕಾವಲುಗಾರ ಚಾತನ್ ಬಾಗಿಲ ಹತ್ತಿರ ನಿಂತಿದ್ದ. ಕಾಟ್ಟುನಾಯ್ಕ ಬುಡಕಟ್ಟಿನವನು, ಐವತ್ತೈದು ದಾಟಿದ ಮನುಷ್ಯ. ಈ ಪೆಟ್ಟಿಗೆಗಳು ಹುಟ್ಟುವ ಮೊದಲೇ ಗಾಳಿ ಮೂಸಿ ಆನೆ ಯಾವ ಕಡೆ ಇದೆಯೆಂದು ಹೇಳುತ್ತಿದ್ದವನು. ಪೆಟ್ಟಿಗೆ ಬಂದ ಮೇಲೆ ಇನ್ನೊಬ್ಬ ಕಾವಲುಗಾರ ಬೇಡವೆಂದು ಸಮಿತಿಯೇ ಹೇಳಿ, ಇಡೀ ಕೆಳದಡವನ್ನು ಅವನೊಬ್ಬನಿಗೇ ಬಿಟ್ಟಿತ್ತು. ಆನೆ ನುಗ್ಗಿದ ರಾತ್ರಿ ಅವನು ಹೊಳೆ ದಾಟುವ ಮೇಲಿನ ಹಾಯ್ಗಡದಲ್ಲಿದ್ದ, ಆನೆಗಳು ಕೆಳಗಿನದರಲ್ಲಿ ದಾಟಿದ್ದವು.

"ಹಸಿರು ದೀಪ ಕಣ್ಣಿಗೆ ಬಡೀತದೆ ಅಂತ ಆರಿಸಿ ಮಲಗವ್ನೆ. ಆಮೇಲೆ ಎದ್ದು ಹಚ್ಚವ್ನೆ," ಎಂದ ಶಾಂತರಾಜು.

"ನಾನು ಮುಟ್ಟಿಲ್ಲೆ," ಎಂದ ಚಾತನ್. ಅಷ್ಟೇ.

ಎಲ್ಲರೂ ದಿವ್ಯಶ್ರೀಯ ಕಡೆ ನೋಡಿದರು. ಅವಳು ತನಗೆ ಗೊತ್ತಿದ್ದಷ್ಟನ್ನು ಹೇಳಿದಳು. ಪೆಟ್ಟಿಗೆಯಲ್ಲಿ ಏನೂ ಕೆಟ್ಟಿಲ್ಲ, ಎರಡೂ ಒಂದೇ ತರಹ ಇವೆ, ಒಂದು ಸರಿಯಾಗಿ ನಡೆದು ಇನ್ನೊಂದು ನಿಲ್ಲುತ್ತದೆ ಎಂದರೆ ಯಾರೋ ಆರಿಸುತ್ತಿರಬೇಕು. ಕಾರ್ಯದರ್ಶಿ ರಾಜನ್ ಅದನ್ನು ನಡಾವಳಿ ಪುಸ್ತಕದಲ್ಲಿ ಮಲಯಾಳದಲ್ಲಿ ಬರೆದ: ಯಂತ್ರದಲ್ಲಿ ದೋಷವಿಲ್ಲ, ಹಾಡಿಯ ಕಾವಲುಗಾರ ಅದನ್ನು ಆರಿಸಿದ್ದಾನೆ. "ಇರಬೇಕು" ಎಂದದ್ದು "ಆರಿಸಿದ್ದಾನೆ" ಆದದ್ದನ್ನು ದಿವ್ಯಶ್ರೀ ಕಂಡಳು. ಕಂಡರೂ ಬಸ್ಸಿಗೆ ಹೊತ್ತಾಗಿತ್ತು, ಸಹಿ ಹಾಕಿದಳು. ಚಾತನ್ ಸದ್ಯಕ್ಕೆ ಕಾವಲಿಗೆ ಬರುವುದು ಬೇಡ, ಮುಂದಿನ ಸಭೆಯಲ್ಲಿ ಪೂರ್ತಿ ತೀರ್ಮಾನ ಎಂದಾಯಿತು. ಅವನು ಹೋದರೆ ಹೋಗುವುದು ಒಂದು ಕೆಲಸ ಮಾತ್ರವಲ್ಲ. ಹಾಡಿಯಿಂದ ಇನ್ನು ಯಾರನ್ನೂ ಕಾವಲಿಗೆ ಕರೆಯುವುದಿಲ್ಲ, ಚಾತನ್ ಮಲಗಿದ ಎಂಬ ಮಾತು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಬಾಗಿಲು ದಾಟುವಾಗ ಚಾತನ್ ಅವಳನ್ನು ನೋಡಿದ. ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ಗೊಂದಲವಿತ್ತು. ಆ ಗೊಂದಲ ಅಂಟಿನಂತೆ ಅವಳಿಗೂ ಹತ್ತಿಕೊಂಡಿತು. ಆರಿಸುವವನಾದರೆ ಮತ್ತೆ ಯಾಕೆ ಹಚ್ಚುತ್ತಾನೆ? ಹಚ್ಚಿದರೆ ಪೆಟ್ಟಿಗೆ ಸರಿಹೋಗಬೇಕಲ್ಲ, ತಾನು ಬರುವವರೆಗೆ ಯಾಕೆ ಕಿವುಡಾಗಿಯೇ ಇರುತ್ತದೆ?

ಹೀಗೆ ಹುಡುಕುತ್ತಾ ಹೋದವಳಿಗೆ ಸಿಕ್ಕಿದ್ದೇ ಆ ನಾಲ್ಕು ಸಾಲು. ಪೆಟ್ಟಿಗೆಯೊಳಗೆ ರೇಡಿಯೋ ಸುದ್ದಿಯನ್ನು ಕೇಳಿಸಿಕೊಳ್ಳಲು 'ಲಿಸನ್‌ಡಿ' ಎಂಬ ಪುಟ್ಟ ತಂತ್ರಾಂಶದ ಪ್ಯಾಕೇಜು ಇತ್ತು. ಅದು ಹೊತ್ತನ್ನು ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ಎಣಿಸುತ್ತಾ ಹೋಗುತ್ತದೆ. ಇಪ್ಪತ್ತನಾಲ್ಕು ದಿನ ಇಪ್ಪತ್ತು ಗಂಟೆ ಕಳೆದರೆ ಅದಕ್ಕೆ ಗೊತ್ತಿರುವ ಅಂಕಿಯೆಲ್ಲ ಮುಗಿದುಹೋಗುತ್ತದೆ. ಆಮೇಲೆ ಎಂದೂ ಬಾರದ ಗಳಿಗೆಗಾಗಿ ಕಾಯುತ್ತಾ ಕೂತುಬಿಡುತ್ತದೆ, ಕಿವಿಯ ಪಕ್ಕದಲ್ಲಿ ತಮಟೆ ಬಾರಿಸಿದರೂ ಕೇಳುವುದಿಲ್ಲ. ಯಾರೋ ಪುಣ್ಯಾತ್ಮರು ಇದನ್ನು ಎರಡು ವರ್ಷದ ಹಿಂದೆಯೇ ಕಂಡುಹಿಡಿದು, ಮೂರು ಸಾಲು ತಿದ್ದಿ, ಹೊಸ ಆವೃತ್ತಿಯಲ್ಲಿ ಸೇರಿಸಿದ್ದರು. ಪೆಟ್ಟಿಗೆಯ ಲಿನಕ್ಸಿನಲ್ಲಿದ್ದದ್ದು ಹಳೆಯ ಆವೃತ್ತಿ.

ಆ ಭಾನುವಾರ ಸುದ್ದಿ ಹೇಳಿದಾಗ ಸಮಿತಿಯ ಅಧ್ಯಕ್ಷನೂ ಆದ ಶಿವನಂಜಪ್ಪ, "ಹೊಸ್ದು ಬಂದದೆ ಅಂದ್ಮೇಲೆ ಹೊಸ್ದನ್ನೇ ತುಂಬವ್ವ. ಹಳೇದ್ರ ಹಿಂದೆ ಯಾಕ್ ಬಿದ್ದಿದ್ದೀಯ?" ಎಂದ.

"ತುಂಬಿ ನೋಡ್ದೆ ದೊಡ್ಡಪ್ಪ, ಅಂಗಡೀಲಿರೋ ಬೇರೆ ಕಂಪ್ಯೂಟರಿಗೆ. ಆ ಹುಡುಗರು ಬರೆದ ಸೈರನ್ನೇ ಕೂಗಲ್ಲ ಅಂತು. ಹೊಸದು ಬಂದ್ರೆ ಎಲ್ಲಾ ಹೊಸದೇ ಬೇಕು. ನಮಗೆ ಹಳೇ ಅಂಗಿಗೆ ಒಂದು ಗುಂಡಿ ಹೊಲಿದುಕೊಟ್ರೆ ಸಾಕು."

"ಮತ್ತೆ ಹೊಲೀಲಿ. ಆದ್ರೆ ಯಾರ್ ಹೊಲೀಬೇಕು?"

ಅದೇ ಅವಳಿಗೂ ತಿಳಿಯದಿದ್ದದ್ದು. ಎರಡು ದಿನ ತಡಕಾಡಿದ ಮೇಲೆ ಗೊತ್ತಾಯಿತು. ಆ ಲಿನಕ್ಸಿನ ಪ್ಯಾಕೇಜುಗಳನ್ನು ನೋಡಿಕೊಳ್ಳುವವರಿಗೆ ಒಂದು ಬೇಡಿಕೆ ಬರೆಯಬೇಕು, ಹೊಸದರಲ್ಲಿರುವ ತಿದ್ದುಪಡಿಯನ್ನು ಹಿಂದಕ್ಕೆ ತಂದು ಹಳೆಯದರಲ್ಲೇ ಹಾಕಿಕೊಡಿ ಎಂದು. ಯಾರಿಗೆ ಏನು ತೊಂದರೆ, ದೋಷವನ್ನು ಬೇಕೆಂದಾಗ ಉಂಟುಮಾಡುವ ಕ್ರಮ ಏನು, ತಿದ್ದಿದರೆ ಬೇರೇನು ಕೆಡಬಹುದು, ಈ ಮೂರೂ ಬೇಕು. ಗಿರಾಕಿಗಳನ್ನು ಕಾಯಿಸಿ ದಿವ್ಯಶ್ರೀ ಒಂದು ಇಡೀ ಮಧ್ಯಾಹ್ನ ಬರೆದಳು. ಕ್ರಮದ ಜಾಗದಲ್ಲಿ ಪ್ರಾಮಾಣಿಕವಾಗಿ ಹೀಗೆ ತುಂಬಿದಳು: ಒಂದು, ಯಂತ್ರವನ್ನು ಹಚ್ಚಿ. ಎರಡು, ಇಪ್ಪತ್ತೈದು ದಿನ ಕಾಯಿರಿ. ಮೂರು, ಆನೆ ಬರಬೇಕು.

ನಾಲ್ಕನೆಯ ದಿನ ಉತ್ತರ ಬಂತು. ಮಾರ್ಟೆನ್ ಎಂಬವನು, ಯಾವ ದೇಶದವನೋ. ಮೂರನೆಯ ಹಂತ ಕಡ್ಡಾಯವೇ ಎಂದು ಮೊದಲು ಕೇಳಿದ್ದ. ದಿವ್ಯಶ್ರೀ ಯೋಚಿಸಿ, ಭಾರವಾದ ಮನುಷ್ಯ ಕುಣಿದರೂ ಆದೀತು ಎಂದು ಬರೆದಳು. ಅದು ಅವನಿಗೆ ಒಪ್ಪಿಗೆಯಾಯಿತು. ಆದರೆ ಅವನ ಪತ್ರದ ಕೆಳಗೆ ಇನ್ನೊಂದು ಪ್ರಶ್ನೆಯಿತ್ತು. ನಿಮ್ಮಲ್ಲಿ ಒಂದೇ ತರಹದ ಎರಡು ಯಂತ್ರಗಳಿವೆ, ಒಂದು ಕೆಡುತ್ತದೆ, ಇನ್ನೊಂದು ಮೂರು ವರ್ಷದಿಂದ ಕೆಟ್ಟಿಲ್ಲ ಎನ್ನುತ್ತೀರಿ. ಕಾರಣ ಈ ದೋಷವೇ ಆಗಿದ್ದರೆ ಎರಡೂ ಕೆಡಬೇಕಿತ್ತು. ಇದು ನನಗೆ ಅರ್ಥವಾಗುತ್ತಿಲ್ಲ. ಅರ್ಥವಾಗದೆ ಸಾವಿರಾರು ಜನ ಬಳಸುವ ಪ್ಯಾಕೇಜಿಗೆ ಕೈ ಹಾಕಲಾರೆ. ಎರಡು ಯಂತ್ರಗಳೂ ಎಷ್ಟು ಹೊತ್ತಿನಿಂದ ನಿಲ್ಲದೆ ನಡೆಯುತ್ತಿವೆ ಎಂದು ನೋಡಿ ತಿಳಿಸಿ.

ದಿವ್ಯಶ್ರೀ ಕುರ್ಚಿಗೆ ಒರಗಿದಳು. ಇವನು ಕೇಳುತ್ತಿರುವುದೂ ಸಭೆಯಲ್ಲಿ ಎದ್ದ ಪ್ರಶ್ನೆಯನ್ನೇ ಅಲ್ಲವೇ? ಮೇಲ್ದಡದ್ದು ಸರಿಯಾಗಿದೆ, ಕೆಳದಡದ್ದು ಯಾಕಿಲ್ಲ? ಈ ಒಂದು ಪ್ರಶ್ನೆಗೆ ಉತ್ತರ ಸಿಗದಿದ್ದರೆ ಮದ್ದೂ ಬರುವುದಿಲ್ಲ, ಚಾತನ್ ಕೂಡ ಉಳಿಯುವುದಿಲ್ಲ. ಕೆಟ್ಟ ಪೆಟ್ಟಿಗೆಯನ್ನು ಅವಳು ಬಿಚ್ಚಿ ನೋಡಿದ್ದಳು, ತಿರುಗಿಸಿ ನೋಡಿದ್ದಳು. ಸರಿಯಾಗಿದ್ದ ಪೆಟ್ಟಿಗೆಯನ್ನು ಮೂರು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಚೆನ್ನಾಗಿ ಆಡಿಕೊಂಡಿರುವ ಮಗುವನ್ನು ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗುತ್ತಾರೆ?

ಮುಂದಿನ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಅವಳು ಶಿವನಂಜಪ್ಪನ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತಳು. ಶಿವನಂಜಪ್ಪನ ಹೆಂಡತಿ ಚಾಮುಂಡಮ್ಮ ಕಾಫಿ ತಂದಿಟ್ಟರು. ಪೆಟ್ಟಿಗೆ ದೇವರ ಗೂಡಿನ ಪಕ್ಕದ ಗೋಡೆಯಲ್ಲಿ, ಪಡಸಾಲೆಯ ಎರಡು ಸೋಲಾರ್ ಬಲ್ಬುಗಳ ಜೊತೆ ಒಂದೇ ಸ್ವಿಚ್ಚಿನ ಹಲಗೆಗೆ ಅಂಟಿಕೊಂಡಿತ್ತು. ಎಷ್ಟು ಹೊತ್ತಿನಿಂದ ನಡೆಯುತ್ತಿದ್ದೀಯ ಎಂದು ಅವಳು ಪೆಟ್ಟಿಗೆಯನ್ನು ಕೇಳಿದಳು. ಹೆಚ್ಚೆಂದರೆ ಮೂರು ವರ್ಷ, ಕಡಿಮೆಯೆಂದರೆ ಕಳೆದ ಮಳೆಗಾಲದಿಂದ ಎಂದು ಅಂದುಕೊಂಡಿದ್ದಳು. ಹದಿನಾಲ್ಕು ಗಂಟೆ ಐವತ್ತೆರಡು ನಿಮಿಷ ಎಂದು ಉತ್ತರ ಬಂತು.

ಮತ್ತೆ ಕೇಳಿದಳು. ಹದಿನಾಲ್ಕು ಗಂಟೆ ಐವತ್ತಮೂರು ನಿಮಿಷ.

"ದೊಡ್ಡಪ್ಪ, ನಿನ್ನೆ ಸಾಯಂಕಾಲ ಆರೂವರೆ ಮೇಲೆ ಇದನ್ನ ಯಾರು ಆರಿಸಿದ್ರು?"

ಶಿವನಂಜಪ್ಪನಿಗೆ ಸಿಟ್ಟೇ ಬಂತು. "ಯಾರೂ ಆರ್ಸಿಲ್ಲ ಕಣವ್ವ. ಮೂರ್ ವರ್ಷದಿಂದ ಯಾರೂ ಆರ್ಸಿಲ್ಲ. ನಂಗೆ ಗೊತ್ತಿಲ್ದೆ ಇದ್ರ ಮ್ಯಾಲೆ ಒಂದ್ ನೊಣ ಕೂರಾಕಿಲ್ಲ."

"ಅದ್ನ ಆರಿಸಬಾರ್ದು ಅಂತ ನೀನೇ ಹೇಳಿದ್ಯಲ್ಲ. ಮನೆಗೆ ಬಂದೋರ್ಗೆಲ್ಲಾ ನಾನು ಹೇಳ್ತೀನಿ, ಮುಟ್ಬೇಡಿ ಅಂತ," ಎಂದರು ಚಾಮುಂಡಮ್ಮ.

ಇಬ್ಬರ ಮುಖದಲ್ಲೂ ಸುಳ್ಳಿರಲಿಲ್ಲ. ಸುಳ್ಳು ಹೇಳುವ ಜನವೂ ಅಲ್ಲ ಅವರು. ಹಾಗಾದರೆ ಪೆಟ್ಟಿಗೆ ಸುಳ್ಳು ಹೇಳುತ್ತಿದೆಯೇ? ದಿವ್ಯಶ್ರೀ ತಂತಿಗಳನ್ನು ಎಳೆದು ನೋಡಿದಳು, ಬ್ಯಾಟರಿಯನ್ನು ಅಳೆದಳು, ಎಲ್ಲವೂ ಗಟ್ಟಿಯಾಗಿದ್ದವು. ಮಧ್ಯಾಹ್ನ ರಾಗಿಮುದ್ದೆ ಉಂಡು ಮತ್ತೆ ಪೆಟ್ಟಿಗೆಯ ಮುಂದೆ ಕೂತಳು. ನಿಮಿಷಗಳು ಒಂದೊಂದಾಗಿ ಏರುತ್ತಾ ಹೋದವು, ಎಲ್ಲೂ ತಪ್ಪಲಿಲ್ಲ. ನಾಲ್ಕೂವರೆಯ ಬಸ್ಸು ಹೋಯಿತು, ಐದೂಮುಕ್ಕಾಲಿನದೂ ಹೋಯಿತು. ಇವತ್ತು ಇಲ್ಲೇ ಇರುತ್ತೇನೆ ಎಂದಳು. ಕಾರಣ ಹೇಳಲು ಅವಳಿಗೂ ಬರಲಿಲ್ಲ.

ಆರೂಮೂವತ್ತೈದಕ್ಕೆ ಚಾಮುಂಡಮ್ಮ ಹಿತ್ತಲಲ್ಲಿ ಕೈಕಾಲು ತೊಳೆದುಕೊಂಡು ಒಳಗೆ ಬಂದರು. ಸೆರಗಿಗೆ ಕೈ ಒರೆಸಿಕೊಂಡು, ದೇವರ ಗೂಡಿನ ಮುಂದೆ ನಿಂತು, ಗಾಡಿಯ ಹಗ್ಗ ಬಿಚ್ಚುವಷ್ಟು ಸಲೀಸಾಗಿ ಪಕ್ಕದ ಹಲಗೆಗೆ ಕೈ ಚಾಚಿ ಸ್ವಿಚ್ಚನ್ನು ಕೆಳಗೆ ಒತ್ತಿದರು. ಪಡಸಾಲೆಯ ಬಲ್ಬುಗಳು ಆರಿದವು. ಹಸಿರು ದೀಪವೂ ಆರಿತು. ಅವರು ಬತ್ತಿ ಹೊಸೆದು, ಎಣ್ಣೆ ಬಿಟ್ಟು, ದೀಪ ಹಚ್ಚಿ, ಕಣ್ಣು ಮುಚ್ಚಿ ಕೈ ಮುಗಿದು, ಹಣೆಗೆ ವಿಭೂತಿ ಇಟ್ಟುಕೊಂಡರು. ಆಮೇಲೆ ಸ್ವಿಚ್ಚನ್ನು ಮೇಲಕ್ಕೆತ್ತಿದರು. ಬಲ್ಬು ಹತ್ತಿತು, ಹಸಿರು ದೀಪ ಮಿಟುಕಿ ನಿಂತಿತು.

"ಅಮ್ಮ, ಈಗ ಏನು ಮಾಡಿದ್ರಿ?" ದಿವ್ಯಶ್ರೀ ಕೂತಲ್ಲಿಂದ ಎದ್ದಿದ್ದಳು.

"ದೀಪ ಹಚ್ದೆ."

"ಅದಕ್ಕೆ ಮುಂಚೆ?"

"ಮುಂಚೆ ಕೈಕಾಲು ತೊಳ್ಕಂಡೆ."

"ಅದರ ನಡುವೆ ಅಮ್ಮ. ಆ ಸ್ವಿಚ್ಚು."

"ಓ, ಅದಾ? ಅದು ದಿನಾ ಮಾಡೋದೇ. ಮನೇಲಿ ಕರೆಂಟ್ ಬೆಳಕು ಮುಂದೆ ಬಂದು ದೇವ್ರ ದೀಪ ಹಿಂದೆ ಬರಬಾರ್ದು ಅಂತ ನಮ್ಮತ್ತೆ ಹೇಳೋರು. ಮೊದ್ಲು ದೀಪ, ಆಮೇಲೆ ಮಿಕ್ಕಿದ್ದು."

"ಆರಿಸಲ್ಲ ಅಂದ್ರಲ್ಲ?"

ಚಾಮುಂಡಮ್ಮ ಅವಳನ್ನು ಏನೂ ತಿಳಿಯದ ಮಗುವನ್ನು ನೋಡಿದಂತೆ ನೋಡಿದರು. "ಅದು ಆರಿಸೋದಲ್ಲ ಕಣವ್ವ. ಅದು ದೀಪಕ್ಕೆ ದಾರಿ ಬಿಡೋದು."

ದಿವ್ಯಶ್ರೀ ಮೊದಲು ನಕ್ಕಳು. ಮೂರು ವರ್ಷ, ದಿನಕ್ಕೊಂದು ಸಲ, ಸಾವಿರಕ್ಕೂ ಹೆಚ್ಚು ಸಲ ಈ ಪೆಟ್ಟಿಗೆ ಆರಿ ಹತ್ತಿದೆ. ಇಪ್ಪತ್ತೈದನೆಯ ದಿನ ಇದಕ್ಕೆ ಬರಲೇ ಇಲ್ಲ, ಎರಡನೆಯ ದಿನವೇ ಬಂದಿಲ್ಲ. ಆಮೇಲೆ ನಗು ನಿಂತಿತು. ಪೆಟ್ಟಿಗೆಗಳು ಕೊರಳಿಗೆ ಬಿದ್ದ ದಿನ ತಾನು ಹಾಡಿಗೆ ಹೋಗಿ, ಏನೇ ಆದರೂ ಈ ಸ್ವಿಚ್ಚು ಮುಟ್ಟಬೇಡಿ ಎಂದು ಚಾತನ್‌ಗೆ ಬೆರಳು ಮಾಡಿ ಹೇಳಿದ್ದು ನೆನಪಾಯಿತು. ಅವನು ಮುಟ್ಟಿರಲಿಲ್ಲ. ಮುಟ್ಟದೆ ಇದ್ದದ್ದಕ್ಕೇ ಪೆಟ್ಟಿಗೆ ಕಿವುಡಾಯಿತು. ದಿನವೂ ಆರಿಸಿದ ಮನೆಗೆ ನಂಬಿಕಸ್ಥರೆಂಬ ಹೆಸರು ಬಂತು, ಒಂದು ದಿನವೂ ಆರಿಸದವನ ಮೇಲೆ ಆರಿಸಿದನೆಂಬ ಅಪವಾದ ಬಂತು. ಆ ಅಪವಾದಕ್ಕೆ ಸಹಿ ಹಾಕಿದವಳು ತಾನು. ಅವಳಿಗೆ ನಾಚಿಕೆಯಾಯಿತು.

ಶಿವನಂಜಪ್ಪ ಎಲ್ಲ ಕೇಳಿ ಗಡ್ಡ ಕೆರೆದುಕೊಂಡು, "ಹಂಗಾದ್ರೆ ಪ್ರಶ್ನ ಮುಗೀತಲ್ಲ. ನಮ್ಮ ಮನೆಯವ್ಳಂಗೆ ಚಾತನ್ನೂ ದಿನಾ ಒಂದ್ ಸಲ ಆರ್ಸಿ ಹಚ್ಲಿ. ಕೆಲ್ಸಕ್ಕೂ ಬರ್ಲಿ. ಆ ದೂರದ ಮನುಷ್ಯನ್ನ ಯಾಕ್ ಕಾಡ್ಬೇಕು?" ಎಂದ. ಅದೂ ನಿಜವೆನಿಸಿತು. ಮಾರ್ಟೆನ್‌ಗೆ ಅವಳು ಆ ರಾತ್ರಿಯೇ ಚಾಮುಂಡಮ್ಮನ ದೀಪದ ವಿಷಯ ಪೂರ್ತಿಯಾಗಿ ಬರೆದು ಕಳಿಸಿ, ಬೆಳಿಗ್ಗೆ ಹಾಡಿಯ ದಾರಿ ಹಿಡಿದಳು.

ಚಾತನ್ ಅಂಗಳದಲ್ಲಿ ಬಿದಿರು ಸೀಳುತ್ತಿದ್ದ. ಅವನ ಹೆಂಡತಿ ಅಮ್ಮಿಣಿ ಹಾಲಿಲ್ಲದ ಕಟ್ಟನ್ ಚಾಯ ಕೊಟ್ಟು ಒಳಗೆ ಹೋದಳು. ದಿವ್ಯಶ್ರೀ ನೆಲದ ಮೇಲೆ ಕೂತು, ಇಪ್ಪತ್ತೈದನೆಯ ದಿನದಿಂದ ಹಿಡಿದು ಚಾಮುಂಡಮ್ಮನ ಸ್ವಿಚ್ಚಿನವರೆಗೆ ಎಲ್ಲ ಹೇಳಿದಳು. ತಪ್ಪು ನನ್ನದು ಎಂದಳು. ಚಾತನ್ ಕತ್ತಿ ಕೆಳಗಿಡಲಿಲ್ಲ, ಸೀಳುವುದನ್ನೂ ನಿಲ್ಲಿಸಲಿಲ್ಲ. ಕೊನೆಗೆ ಶಿವನಂಜಪ್ಪನ ಮಾತನ್ನೂ ಹೇಳಿದಳು. ಆಗ ಅವನ ಕೈ ನಿಂತಿತು.

"ಆರಿಸ್ದೆ ಅಂತ ತೆಗ್ದಿರಿ. ಈಗ ಆರಿಸು ಅಂತ ಕರೀತೀರಿ. ನಾನು ಯಾವ್ದು ಮಾಡ್ಲಿ ಮೋಳೆ?"

ಮಗಳೇ ಎಂದು ಕರೆದೇ ಕೇಳಿದ್ದ, ಚುಚ್ಚಿ ಆಡಿದ ಮಾತಲ್ಲ ಅದು. ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದ.

"ನಾಳೆ ನಾನು ಸ್ವಿಚ್ಚಿಗೆ ಕೈ ಹಾಕಿದ್ದು ಯಾರಾದ್ರೂ ನೋಡಿದ್ರೆ," ಎಂದ ಅವನು ಸೀಳಿದ ಬಿದಿರನ್ನು ಪಕ್ಕಕ್ಕಿಟ್ಟು, "ನೋಡು, ಮೊದ್ಲಿಂದ ಹಿಂಗೇ ಆರಿಸ್ತಿದ್ದ ಅಂತಾರೆ. ಬೇಡ. ನಾನು ಮುಟ್ಟಿಲ್ಲೆ, ಮುಟ್ಟೋದೂ ಇಲ್ಲೆ. ಆ ದೂರದವ್ನು ಏನ್ ಹೇಳ್ತಾನೆ?"

ದೂರದವನ ಉತ್ತರ ಎರಡು ದಿನದಲ್ಲಿ ಬಂತು. ಈಗ ಅರ್ಥವಾಯಿತು, ದೀಪದ ವಿವರಕ್ಕೆ ಧನ್ಯವಾದ, ಇಷ್ಟು ಸ್ಪಷ್ಟವಾದ ಕಾರಣ ತನಗೆ ಹಿಂದೆಂದೂ ಸಿಕ್ಕಿಲ್ಲ ಎಂದಿದ್ದ. ಆ ಮೂರು ಸಾಲು ತಿದ್ದುಪಡಿಯನ್ನಷ್ಟೇ ಹಳೆಯ ಆವೃತ್ತಿಗೆ ತಂದು ಪರೀಕ್ಷೆಗೆ ಇಟ್ಟಿದ್ದೇನೆ, ಬೇರೆ ಯಾವುದನ್ನೂ ಮುಟ್ಟಿಲ್ಲ. ಯಾರಾದರೂ ಅದನ್ನು ಹಾಕಿಕೊಂಡು ಇಪ್ಪತ್ತಾರು ದಿನ ಆರಿಸದೆ ನಡೆಸಿ, ಕೇಳಿಸುತ್ತದೆಯೇ ಎಂದು ನೋಡಿ ಹೇಳಬೇಕು. ಹಾಗೆ ಹೇಳದ ಹೊರತು ಎಲ್ಲರಿಗೂ ಬಿಡುವಂತಿಲ್ಲ. ದಿವ್ಯಶ್ರೀ ಅದನ್ನು ಹಾಡಿಯಲ್ಲಿ ಓದಿ ಹೇಳಿದಾಗ ಚಾತನ್‌ನ ಮುಖ ಮೊದಲ ಸಲ ಸಡಿಲವಾಯಿತು.

"ಮುಟ್ಟದೆ ಇರೋದು ನಂಗೆ ಗೊತ್ತು," ಎಂದ.

ದಿವ್ಯಶ್ರೀ ಅಂದು ಮಧ್ಯಾಹ್ನವೇ ತಿದ್ದಿದ್ದನ್ನು ಹಾಡಿಯ ಪೆಟ್ಟಿಗೆಗೆ ತುಂಬಿ, ಒಮ್ಮೆ ಆರಿಸಿ ಹಚ್ಚಿದಳು. ಇನ್ನು ಇಪ್ಪತ್ತಾರು ದಿನ. ಸಮಿತಿ ಅವನನ್ನು ಕರೆದಿರಲಿಲ್ಲ, ಮುಂದಿನ ಸಭೆಯನ್ನು ಶಿವನಂಜಪ್ಪನೇ ಮುಂದೂಡಿದ್ದ. ಯಾರೂ ಕರೆಯದಿದ್ದರೂ ಚಾತನ್ ದಿನವೂ ಕಾವಲು ಗುಡಿಸಲಿಗೆ ಹೋಗಿ ಕೂತ. ಪೆಟ್ಟಿಗೆ ಕೈಕೊಟ್ಟರೆ ಇರಲಿ ಎಂದು ಒಂದು ಖಾಲಿ ಎಣ್ಣೆಡಬ್ಬವನ್ನೂ ಕೋಲನ್ನೂ ಪಕ್ಕದಲ್ಲಿಟ್ಟುಕೊಂಡ. ಅಂಗಡಿಯಲ್ಲಿ ಕೂತ ದಿವ್ಯಶ್ರೀ ಕ್ಯಾಲೆಂಡರಿನ ಮೇಲೆ ಗೀಟು ಎಳೆದಳು. ನಡುವೆ ಅವಳಿಗೆ ನೂರು ಅನುಮಾನ ಬಂದವು. ದೋಷ ಇದಾಗದೆ ಬೇರೆ ಯಾವುದಾದರೂ ಆಗಿದ್ದರೆ? ಅಂದು ಸೈರನ್ ಕೂಗದಿದ್ದರೆ, ನೋಡಿದಿರಾ, ಮದ್ದು ಹಾಕಿದರೂ ಕೆಟ್ಟಿತು, ಕೆಡಿಸುತ್ತಿರುವವನು ಇವನೇ ಎನ್ನುತ್ತಾರೆ. ಆಗ ತಾನು ಅವನನ್ನು ಎರಡನೆಯ ಸಲ ಮುಳುಗಿಸಿದಂತಾಗುತ್ತದೆ. ಇಪ್ಪತ್ತೈದನೆಯ ದಿನ ಅವಳು ಗಿರಾಕಿಯೊಬ್ಬರ ಲ್ಯಾಪ್‌ಟಾಪಿಗೆ ಬೇರೊಬ್ಬರ ಬ್ಯಾಟರಿ ಹಾಕಿ ಕಳಿಸಿದಳು.

ಇಪ್ಪತ್ತಾರನೆಯ ದಿನ ಸಂಜೆ ನಾಲ್ಕಕ್ಕೆ ಅವಳು ಗುಡಿಸಲಿಗೆ ಬಂದು ಪೆಟ್ಟಿಗೆಯನ್ನು ಕೇಳಿದಳು. ಇಪ್ಪತ್ತಾರು ದಿನ ಮೂರು ಗಂಟೆ ಎಂದಿತು. ಸ್ವಿಚ್ಚಿನ ಮೇಲೆ ಜೇಡ ಬಲೆ ಕಟ್ಟಿತ್ತು. ಚಾತನ್ ದಡಕ್ಕೆ ನಡೆದ. ಲುಂಗಿ ಮೇಲೆ ಕಟ್ಟಿ, ಎರಡೂ ಕಾಲೆತ್ತಿ ನೆಲಕ್ಕೆ ಧೊಪ್ಪನೆ ಹಾರಿದ. ಏನೂ ಆಗಲಿಲ್ಲ. ದಿವ್ಯಶ್ರೀ ಪೆಟ್ಟಿಗೆಯ ಕಡೆ ತಿರುಗಿ ನೋಡಿದಳು. ಅವನು ಎರಡು ಹೆಜ್ಜೆ ಆಚೆ ಸರಿದು ಮತ್ತೆ ಹಾರಿದ, ಇನ್ನೊಮ್ಮೆ ಹಾರಿದ.

ಸೈರನ್ ಕೂಗಿತು. ಹೊಳೆಯ ಆಚೆ ದಡದ ಕೊಕ್ಕರೆಗಳು ಎದ್ದವು. ಶಾಂತರಾಜು ತೋಟದಿಂದ ಓಡಿಬಂದ, ಪ್ರೇಮಲತಾ ಕಟ್ಟು ಬಿಚ್ಚಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಬಾಗಿಲಿಗೆ ಬಂದಳು. ಆನೆಯಿಲ್ಲ, ಐವತ್ತೈದು ದಾಟಿದ ಗಂಡಸು ಒಬ್ಬ ದಡದಲ್ಲಿ ಕುಣಿಯುತ್ತಿದ್ದ. "ಕೇಳ್ತಾ?" ಎಂದು ಕೂಗಿ ಕೇಳಿದ ಚಾತನ್. ಕೇಳಿಸಿತು ಎಂದು ಪ್ರೇಮಲತಾ ತಲೆಯಾಡಿಸಿದಳು. ಮಾರ್ಟೆನ್‌ಗೆ ಕಳಿಸಿದ ಉತ್ತರದಲ್ಲಿ, ಪರೀಕ್ಷೆ ಮಾಡಿದವರ ಹೆಸರು ಎಂಬ ಜಾಗದಲ್ಲಿ ದಿವ್ಯಶ್ರೀ ಚಾತನ್ ಎಂದೇ ಬರೆದಳು. ಹತ್ತು ದಿನಕ್ಕೆ ಆ ತಿದ್ದುಪಡಿ ಹಳೆಯ ಆವೃತ್ತಿ ಇಟ್ಟುಕೊಂಡಿದ್ದ ಎಲ್ಲರಿಗೂ ಹೋಯಿತು.

ಸಭೆ ಸೇರಿದಾಗ ವಾಯನಶಾಲೆಯಲ್ಲಿ ಎಲ್ಲರೂ ಹಗುರವಾಗಿದ್ದರು. ರಾಜನ್ ನಡಾವಳಿ ಪುಸ್ತಕದಲ್ಲಿ ಹೊಸ ಪುಟ ತೆಗೆದು ಬರೆದದ್ದನ್ನು ಓದಿದ. ಯಂತ್ರದಲ್ಲಿದ್ದ ದೋಷ ಸರಿಯಾಗಿದೆ, ಚಾತನ್ ಕಾವಲುಗಾರನಾಗಿ ಮುಂದುವರಿಯುತ್ತಾನೆ. ಶಿವನಂಜಪ್ಪ ಶರಿ ಎಂದ. ಶಾಂತರಾಜುವೂ ನೆಲ ನೋಡುತ್ತಾ ಶರಿ ಎಂದ. ಚಾತನ್ ಮಾತ್ರ ಬಾಗಿಲ ಹತ್ತಿರದಿಂದ ಕದಲಲಿಲ್ಲ.

"ಹಿಂದಿನ ಹಾಳೆ ಓದಿ," ಎಂದ.

"ಅದು ಮುಗಿದ ಪುಟ ಚಾತನ್," ಎಂದು ರಾಜನ್ ಮಲಯಾಳದಲ್ಲಿ ಹೇಳಿದ. "ಹೊಸದರಲ್ಲಿ ಎಲ್ಲ ಸರಿಯಾಗಿ ಬರೆದಿದ್ದೇನಲ್ಲ."

"ಹೊಸ್ದು ಓದೋರು ಹೊಸ್ದು ಓದ್ತಾರೆ. ಹಳೇದು ಓದೋರು ಹಳೇದೇ ಓದ್ತಾರೆ. ಅಲ್ಲಿ ನಾನು ಆರಿಸ್ದವನೇ." ಅವನು ದಿವ್ಯಶ್ರೀಯ ಕಡೆ ತಿರುಗಿದ. "ಹೊಸ್ದು ನಂಗೆ ಬೇಡ ಮೋಳೆ. ಹಳೇದ್ರಲ್ಲೇ ತಿದ್ದಿ ಕೊಡಿ. ಆ ದೂರದವ್ನು ಕೊಟ್ಟಂಗೆ."

ಸಹಿಯಾದ ಪುಟವನ್ನು ತಿದ್ದುವಂತಿಲ್ಲ, ನಿಯಮವಿಲ್ಲ ಎಂದು ರಾಜನ್ ಗೊಣಗಿದ. ದಿವ್ಯಶ್ರೀ ಅವನ ಕೈಯಿಂದ ಪುಸ್ತಕ ತೆಗೆದುಕೊಂಡಳು. ತಾನು ಯಾರನ್ನೋ ಎಷ್ಟು ದಿನ ಬೇಡಿದ್ದಳೋ ಅದನ್ನೇ ಈಗ ಇವನು ತನ್ನಿಂದ ಬೇಡುತ್ತಿದ್ದಾನೆ, ಅದೂ ಒಂದೇ ಸಾಲಿಗೆ. ಅವಳು ಹಿಂದಿನ ಪುಟ ತೆರೆದು, ಆ ಸಾಲಿನ ಮೇಲೆ ಗೀಟು ಎಳೆದು, ಅಂಚಿನಲ್ಲಿ ಮಲಯಾಳದಲ್ಲಿ ಬರೆದಳು: ಇದು ತಪ್ಪು. ಚಾತನ್ ಆರಿಸಿಲ್ಲ. ತಪ್ಪು ಹೇಳಿದವಳು ನಾನು. ಕೆಳಗೆ ಸಹಿ ಹಾಕಿ ತಾರೀಕು ಬರೆದಳು.

ಚಾತನ್ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಒಯ್ದ. ವಯಸ್ಕರ ಸಾಕ್ಷರತೆಯ ತರಗತಿಯಲ್ಲಿ ಕಲಿತ ಅಕ್ಷರ, ಬೆರಳಿಟ್ಟು ಒಂದೊಂದಾಗಿ ಓದಬೇಕು. ಎಲ್ಲರೂ ಕಾದರು. ಗೀಟು ಎಳೆದ ಸಾಲನ್ನೂ ಓದಿದ, ಅಂಚಿನದನ್ನೂ ಓದಿದ, ಮತ್ತೆ ಮೊದಲಿನಿಂದ ಓದಿದ. ಆಮೇಲೆ ಪುಸ್ತಕವನ್ನು ಮುಚ್ಚಿ ರಾಜನ್‌ಗೆ ಕೊಟ್ಟು, ಮೂಲೆಯಲ್ಲಿಟ್ಟಿದ್ದ ಕೋಲು ತೆಗೆದುಕೊಂಡು, ಹೊತ್ತಾಯಿತು ಎಂದು ಕಾವಲಿಗೆ ಹೊರಟ.